ಕ್ಯಾರಲ್ ಡಬ್ಬಿಯ ಲೆಕ್ಕ: ದಾವಣಗೆರೆಯ ಒಂದು ಸಭೆ, ಹದಿನೇಳರ ಒಬ್ಬ ಹುಡುಗ

ಕ್ರಿಸ್ಮಸ್ ಹಾಡಿ ಕೂಡಿಸಿದ ಕಾಣಿಕೆಯಲ್ಲಿ ಒಂದಷ್ಟನ್ನು ಒಬ್ಬ ಹುಡುಗ ಲೆಕ್ಕಕ್ಕೆ ತರದೆ ಉಳಿಸಿಕೊಂಡ ಈ ಪ್ರಕರಣ ನಡೆದದ್ದು ದಾವಣಗೆರೆಯ ಒಂದು ಪ್ರಾಟೆಸ್ಟಂಟ್ ಸಭೆಯಲ್ಲಿ, ಅಂದರೆ ಒಂದು ಚರ್ಚಿನ ಬಳಗದಲ್ಲಿ. ಯಾರ ಗುರುತೂ ಸಿಗಬಾರದೆಂದು ಸಭೆಯ ಹೆಸರು, ಬಡಾವಣೆ, ಮನೆತನ ಎಲ್ಲವನ್ನೂ ಬಿಟ್ಟಿದ್ದೇವೆ, ಕೆಲವು ವಿವರಗಳನ್ನು ಬದಲಿಸಿದ್ದೇವೆ. ಹುಡುಗನಿಗೆ ಆಗ 17 ವರ್ಷ, ದ್ವಿತೀಯ ಪಿಯುಸಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹುಡುಗ ಸಂಡೇ ಸ್ಕೂಲಿನಲ್ಲೇ ಬೆಳೆದವನು. ಸಭೆಯ ಪೂರ್ಣ ಸದಸ್ಯರಾಗುವ ಮೊದಲಿನ ದೃಢೀಕರಣದ ತರಗತಿಯಲ್ಲಿ ಹತ್ತು ಆಜ್ಞೆಗಳನ್ನು ತಡವರಿಸದೆ ಒಪ್ಪಿಸಿದ್ದ, ಬೈಬಲ್ ಕ್ವಿಜ್‌ನಲ್ಲಿ ಬಹುಮಾನ ತಂದಿದ್ದ. ಯೌವನಸ್ಥರ ಕೂಟಕ್ಕೆ ಅವನನ್ನು ಕಾರ್ಯದರ್ಶಿ ಮಾಡಿದ್ದೂ ಅದಕ್ಕಾಗಿಯೇ. ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ಒಳ್ಳೆಯ ನಡತೆ ಯಾವುದೆಂದು ಆ ಹುಡುಗನಿಗೆ ತಿಳಿದಿತ್ತು. ಸಭೆ ಅವನಿಗೆ ಬೈಬಲಿನ ವಚನ ಕಲಿಸಿತ್ತು, ನಂಬಿ ಹಣವನ್ನೂ ಕೈಗೆ ಕೊಟ್ಟಿತ್ತು. ಆ ಹಣವನ್ನು ಹಿಡಿಯುವ ಕ್ರಮವನ್ನು ಮಾತ್ರ ಕಲಿಸಿರಲಿಲ್ಲ.

ಐದು ರಾತ್ರಿ, 64 ಮನೆ

2024ರ ಡಿಸೆಂಬರ್ 16ರಿಂದ 20ರವರೆಗೆ ಕ್ಯಾರಲ್ ರೌಂಡ್ಸ್, ಅಂದರೆ ಮನೆಮನೆಗೆ ಹೋಗಿ ಕ್ರಿಸ್ಮಸ್ ಹಾಡು ಹಾಡಿ ಕಾಣಿಕೆ ಕೂಡಿಸುವುದು, ನಡೆಯಿತು. 14 ಜನ ಹುಡುಗ ಹುಡುಗಿಯರು, ಒಂದು ಗಿಟಾರ್, ಒಂದು ಢೋಲಕ್, ಕ್ರಿಸ್ಮಸ್ ತಾತನ ವೇಷದಲ್ಲಿ ಒಬ್ಬ. ಸಂಜೆ ಏಳಕ್ಕೆ ಹೊರಟರೆ ಹನ್ನೊಂದರವರೆಗೆ, ದಿನಕ್ಕೆ 12-13 ಮನೆ. ನಿಟುವಳ್ಳಿ ಕಡೆ ಒಂದು ರಾತ್ರಿ, ವಿನೋಬನಗರ ಕಡೆ ಒಂದು ರಾತ್ರಿ, ಹೀಗೆ. ಬಂದ ಹಣದಲ್ಲಿ ಕಂಬಳಿ ಕೊಂಡು, ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿದ್ದು ವರಾಂಡದಲ್ಲಿ ಮಲಗುವವರಿಗೆ ಹಂಚಬೇಕೆಂದು ಯುವಕರೇ ತೀರ್ಮಾನಿಸಿದ್ದರು. ಸಗಟು ಅಂಗಡಿಯಲ್ಲಿ ಒಂದು ಕಂಬಳಿಗೆ 250 ರೂಪಾಯಿ.

ಡಬ್ಬಿಗೆ ಬಿದ್ದ ನಗದು 21,340 ರೂಪಾಯಿ. ಒಂಬತ್ತು ಮನೆಯವರು "ಚಿಲ್ಲರೆ ಇಲ್ಲ, ಫೋನ್‌ಪೇ ಮಾಡ್ತೀವಿ" ಅಂದರು. ಸಭೆಯ ಖಾತೆಯ ಕ್ಯೂಆರ್ ಕೋಡ್ ಗುಡಿಯೊಳಗೆ (ಚರ್ಚಿನೊಳಗೆ) ಕಾಣಿಕೆ ಪೆಟ್ಟಿಗೆಯ ಪಕ್ಕದಲ್ಲಿತ್ತು, ಅದರ ಪ್ರತಿ ಯಾರ ಹತ್ತಿರವೂ ಇರಲಿಲ್ಲ. ಕಾರ್ಯದರ್ಶಿ ಹುಡುಗ ತನ್ನ ಫೋನಿನ ಕ್ಯೂಆರ್ ತೋರಿಸಿದ. ಫೋನ್ ಅವನದು, ಖಾತೆ ತಾಯಿಯ ಹೆಸರಿನದು. ಹಾಗೆ ಬಂದದ್ದು ಒಟ್ಟು 14,800. ಅದರಲ್ಲಿ ಐದು ಮನೆಯ 8,300 ರೂಪಾಯಿಯನ್ನು ಪಟ್ಟಿಯಲ್ಲಿ ಬರೆದು ಖಜಾಂಚಿಗೆ ಕಳಿಸಿದ. ಉಳಿದ ನಾಲ್ಕು ಮನೆಯ 6,500 ರೂಪಾಯಿ ಪಟ್ಟಿಗೆ ಏರಲಿಲ್ಲ. ಕೈಯಲ್ಲಿದ್ದ 29,640ರಲ್ಲಿ 118 ಕಂಬಳಿ ಬಂದವು. ಲೆಕ್ಕ ಪೂರ್ತಿಯಾಗಿದ್ದರೆ 144 ಬರುತ್ತಿದ್ದವು. 23ರ ರಾತ್ರಿ ಕಂಬಳಿ ಹಂಚಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ.

ಗೊತ್ತಾದದ್ದು ಜನವರಿ 5ರ ಭಾನುವಾರ. ಕಾಣಿಕೆ ಕೊಟ್ಟವರ ಪಟ್ಟಿಯನ್ನು ಆರಾಧನೆಯ ಕೊನೆಗೆ ಓದುವುದು ಆ ಸಭೆಯ ರೂಢಿ. ನಾಲ್ಕು ಮನೆಯವರ ಹೆಸರು ಬರಲಿಲ್ಲ. ಅವರಲ್ಲಿ ಒಬ್ಬ ಅಜ್ಜಿ ಹೊರಗೆ ಬಂದವರೇ ಖಜಾಂಚಿಯನ್ನು ನಿಲ್ಲಿಸಿ, "ನಮ್ಮ ಮೊಮ್ಮಗ ಎರಡು ಸಾವಿರ ಹಾಕಿದ್ನಲ್ಲಪ್ಪಾ, ಯಾಕೆ ಓದಲಿಲ್ಲ?" ಎಂದು ಕೇಳಿದರು. ಪಟ್ಟಿ ಓದುವುದು ದೊಡ್ಡಸ್ತಿಕೆಗೆ ದಾರಿ ಎಂದು ಕೆಲವು ಸಭೆಗಳು ಅದನ್ನು ನಿಲ್ಲಿಸಿವೆ. ಮೊತ್ತ ಹೇಳದೆ ಹೆಸರಷ್ಟೇ ಓದಿದರೂ ಸಾಕು, ಆದರೆ ಓದುವುದನ್ನು ನಿಲ್ಲಿಸಬೇಡಿ ಎಂಬುದು ನಮ್ಮ ಅಭಿಪ್ರಾಯ. ಆ ಓದು ಇಲ್ಲದಿದ್ದರೆ ವಿಷಯ ಹೊರಬರುತ್ತಲೇ ಇರಲಿಲ್ಲ, ಹುಡುಗ ಮುಂದಿನ ವರ್ಷ ಇನ್ನೂ ಆಳಕ್ಕೆ ಇಳಿಯುತ್ತಿದ್ದ.

ಖಜಾಂಚಿ ನಾಲ್ಕು ಮನೆಗೂ ಹೋಗಿ ಅವರ ಫೋನಿನಲ್ಲಿದ್ದ 12 ಅಂಕಿಯ ಯುಪಿಐ ಸಂಖ್ಯೆ, ದಿನಾಂಕ, ಮೊತ್ತ ಬರೆದುಕೊಂಡರು: 2,000, 1,500, 1,000, 2,000. ಪಡೆದವರ ಹೆಸರಿನ ಜಾಗದಲ್ಲಿ ಎಲ್ಲ ಕಡೆಯೂ ಇದ್ದದ್ದು ಹುಡುಗನ ತಾಯಿಯ ಹೆಸರು.

ಒಂದೇ ವಾರದಲ್ಲಿ ಆದ ಮೂರು ತಪ್ಪು

ಮೊದಲನೆಯದು ವಾಟ್ಸ್‌ಆ್ಯಪ್. 7ರಂದು ಯಾರೋ ಸಭೆಯ ಗುಂಪಿನಲ್ಲಿ "ಕ್ಯಾರಲ್ ದುಡ್ಡು ಯಾರ ಖಾತೆಗೆ ಹೋಗಿದೆ ಗೊತ್ತಾಯ್ತು" ಎಂದು ಬರೆದು, ತಾಯಿಯ ಹೆಸರು ಕಾಣುವ ಚಿತ್ರ ಹಾಕಿದರು. ಅರ್ಧ ಗಂಟೆಯಲ್ಲಿ ಅಳಿಸಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ವಿಷಯವೇ ಗೊತ್ತಿಲ್ಲದ ತಾಯಿ ಮೂರು ಬೀದಿಯಲ್ಲಿ ಕಳ್ಳಿ ಎನಿಸಿಕೊಂಡರು. ಹೊಲಿಯಲು ಬಟ್ಟೆ ಕೊಡುವುದನ್ನು ಇಬ್ಬರು ನಿಲ್ಲಿಸಿದರು.

ಎರಡನೆಯದು ಅಪ್ಪನಿಗೆ ಹೋದ ಫೋನ್ ಕರೆ. ಸಭೆಯ ಆಡಳಿತ ಕಮಿಟಿಯ ಒಬ್ಬ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಕರೆ ಮಾಡಿ, ಅಪ್ಪ ಲೋಡ್ ಇಳಿಸುತ್ತಿದ್ದಾಗಲೇ ಎಲ್ಲ ಹೇಳಿಬಿಟ್ಟರು. ಅಪ್ಪ ಮನೆಗೆ ಬಂದು ಮಗನಿಗೆ ಹೊಡೆದರು. ಇಂಥ ವಿಷಯವನ್ನು ತಂದೆತಾಯಿಗೆ ಹೇಳುವುದಾದರೆ ಎದುರು ಕೂತು, ಇಬ್ಬರಿಗೂ ಒಟ್ಟಿಗೆ ಹೇಳಬೇಕು, ಮುಂದೇನು ಮಾಡಬೇಕೆಂಬ ಯೋಚನೆಯನ್ನೂ ಜೊತೆಗೇ ತೆಗೆದುಕೊಂಡು ಹೋಗಬೇಕು. ಸುದ್ದಿಯಷ್ಟೇ ತಲುಪಿ ದಾರಿ ಕಾಣದಿದ್ದರೆ ಅಪ್ಪಂದಿರ ಕೈ ಮೊದಲು ಏಳುತ್ತದೆ.

ಮೂರನೆಯದು ಪ್ರಸಂಗ, ಅಂದರೆ ಆರಾಧನೆಯಲ್ಲಿನ ಬೋಧನೆ. 12ರ ಭಾನುವಾರ ಅಯ್ಯನವರು (ಸಭೆಯ ಪಾದ್ರಿ) ಎಂಟನೆಯ ಆಜ್ಞೆಯ ಮೇಲೆ ಪ್ರಸಂಗ ಮಾಡಿದರು: ಕದಿಯಬಾರದು. (ಕಥೋಲಿಕರ ಎಣಿಕೆಯಲ್ಲಿ ಇದು ಏಳನೆಯದು.) ಹೆಸರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಎಲ್ಲರ ಕಣ್ಣೂ ಒಂದೇ ಬೆಂಚಿನ ಮೇಲಿತ್ತು. ಆ ಕುಟುಂಬ ಮುಂದಿನ ಎರಡು ಭಾನುವಾರ ಗುಡಿಗೆ ಬರಲಿಲ್ಲ. ಒಬ್ಬನ ತಪ್ಪು ಇನ್ನೂ ಇತ್ಯರ್ಥವಾಗಿಲ್ಲದಾಗ ಅದೇ ವಿಷಯದ ಪ್ರಸಂಗ ಅವನನ್ನು ತಿದ್ದುವುದಿಲ್ಲ, ಮೂಲೆಗೆ ಒತ್ತುತ್ತದೆ. ಇದನ್ನು ಅಯ್ಯನವರೇ ಆಮೇಲೆ ಕಮಿಟಿಯಲ್ಲಿ ಒಪ್ಪಿಕೊಂಡರು. ಆ ಕುಟುಂಬದ ಮನೆಗೂ ಹೋಗಿ ಹೇಳಿದರು.

ಮಾತಾಡಿಸಿದ ಬಗೆ

ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ 15ರಿಂದ 17ನೇ ವಚನಗಳಲ್ಲಿ ಕ್ರಮ ಸ್ಪಷ್ಟವಾಗಿದೆ: ಮೊದಲು ಒಬ್ಬನೇ ಹೋಗಿ ಹೇಳು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಈ ಸಭೆ ಅದನ್ನು ತಲೆಕೆಳಗಾಗಿ ಮಾಡಿತ್ತು. ಮೊದಲು ಊರಿಗೆ ಗೊತ್ತಾಯಿತು, ಆಮೇಲೆ ಅಪ್ಪನಿಗೆ, ಕಡೆಗೆ ಹುಡುಗನಿಗೆ.

15ರ ಸಂಜೆ ಕ್ರಮ ಮತ್ತೆ ಮೊದಲಿನಿಂದ ಶುರುವಾಯಿತು. ಮಾತಾಡಲು ಖಜಾಂಚಿಯನ್ನು ಕಳಿಸಲಿಲ್ಲ, ಹುಡುಗ "ಅಣ್ಣ" ಎಂದು ಕರೆಯುವ ಯೌವನಸ್ಥರ ಕೂಟದ ಮುಖಂಡರನ್ನು ಕಳಿಸಿದರು. ಇಲ್ಲಿ ಒಂದು ಎಚ್ಚರಿಕೆ ಪಾಲಿಸಿದರು, ಅದನ್ನು ಎಲ್ಲ ಸಭೆಗಳೂ ಪಾಲಿಸಬೇಕು. ಹದಿನೆಂಟು ತುಂಬದವರ ಜೊತೆ ಒಬ್ಬರೇ ಮಾತಾಡುವುದೆಂದರೆ ಬಾಗಿಲು ಹಾಕಿದ ಕೋಣೆಯಲ್ಲಿ ಅಲ್ಲ. ಗುಡಿಯ ಜಗಲಿಯಲ್ಲಿ ಕೂತರು. ಇಪ್ಪತ್ತು ಅಡಿ ದೂರದಲ್ಲಿ ಇನ್ನೊಬ್ಬ ಹಿರಿಯರು ಗಿಡಕ್ಕೆ ನೀರು ಹಾಕುತ್ತಿದ್ದರು. ಅವರಿಗೆ ಇಬ್ಬರೂ ಕಾಣುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ತಾಯಿಗೆ ಮೊದಲೇ ತಿಳಿಸಿದ್ದರು.

ಮುಖಂಡರು "ನೀನು ಕದ್ದೆಯಾ" ಎಂದು ಕೇಳಲಿಲ್ಲ. ನಾಲ್ಕು ಮೊತ್ತ ಬರೆದ ಚೀಟಿಯನ್ನು ಮುಂದಿಟ್ಟು, "ಇವು ಪಟ್ಟಿಯಲ್ಲಿ ಇಲ್ಲ, ಏನಾಗಿದೆ ಇಬ್ಬರೂ ನೋಡಾಣ ಬಾ" ಅಂದರು. ಹುಡುಗ ಮೊದಲು ನೆಟ್‌ವರ್ಕ್ ತೊಂದರೆ ಅಂದ. ಮುಖಂಡರು ವಾದಿಸಲಿಲ್ಲ. "ಮೂರು ದಿನ ಬಿಟ್ಟು ಇಲ್ಲೇ ಕೂರಾಣ" ಎಂದು ಎದ್ದರು. ಮೂರನೆಯ ದಿನ ಹುಡುಗನೇ ಬಂದ. "ಅಣ್ಣ, ಮೊದ್ಲು ಐನೂರು ತಗಂಡಿದ್ದೆ. ಗೆದ್ದಮೇಲೆ ಇಟ್ಬಿಡಾಣ ಅನ್ಕಂಡಿದ್ದೆ. ಇಡಾಕೆ ಆಗ್ಲೇ ಇಲ್ಲ."

ಹಣ ಕಟ್ಟಿ ಆಡುವ ಆನ್‌ಲೈನ್ ಆಟ. ಮೊದಲ ಐನೂರು ಹೋಯಿತು, ಅದನ್ನು ವಾಪಸು ತರಲು ಸಾವಿರ ಹಾಕಿದ, ಹೀಗೆ ಐದು ಸಾವಿರ. ಉಳಿದ 1,500ರ ಕಥೆ ಬೇರೆ. 400 ರೂಪಾಯಿ ಎರಡು ಬೈಕಿನ ಪೆಟ್ರೋಲಿಗೆ ಹೋಗಿತ್ತು. 1,100 ರೂಪಾಯಿ ಐದೂ ರಾತ್ರಿ ಹಾಡಿ ಮುಗಿಸಿದ ಮೇಲೆ ಹದಿನಾಲ್ಕು ಜನ ತಿಂದ ಮಂಡಕ್ಕಿ ಮೆಣಸಿನಕಾಯಿ, ಕುಡಿದ ಚಹಾಕ್ಕೆ ಹೋಗಿತ್ತು. ಉಳಿದವರನ್ನು ಕೇಳಿದಾಗ ಹೌದು, ಅವನೇ ಕೊಟ್ಟ ಅಂದರು.

ಇಡೀ ಪ್ರಕರಣದ ಬೇರು ಈ 1,500 ರೂಪಾಯಿಯಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ. ಐದು ರಾತ್ರಿ ಹದಿನಾಲ್ಕು ಮಕ್ಕಳನ್ನು ಊರು ಸುತ್ತಿಸಿದ ಸಭೆ ಪೆಟ್ರೋಲಿಗೂ ಚಹಾಕ್ಕೂ ಒಂದು ರೂಪಾಯಿ ತೆಗೆದಿಟ್ಟಿರಲಿಲ್ಲ. ಖರ್ಚು ಬಂದೇ ಬಂತು. ಹುಡುಗ ತನ್ನ ಫೋನಿನಲ್ಲಿದ್ದ ಕಾಣಿಕೆಯಿಂದ ಕೊಟ್ಟ, ಬರೆದಿಡಲಿಲ್ಲ, ಯಾರೂ ಕೇಳಲಿಲ್ಲ. ದೇವರ ಹಣ, ತಾಯಿಯ ಹಣ, ತನ್ನ ಹಣ ಒಂದೇ ಪರದೆಯ ಮೇಲೆ ಒಂದೇ ಅಂಕಿಯಾಗಿ ಕಾಣತೊಡಗಿದ ಮೇಲೆ ಎರಡನೆಯ ಹೆಜ್ಜೆ ಕಷ್ಟವಾಗಲಿಲ್ಲ. ಇದರಿಂದ ಹುಡುಗನ ತಪ್ಪು ಕಡಿಮೆಯಾಗುವುದಿಲ್ಲ. ಆದರೆ ಅವನ ಮುಂದೆ ತೆರೆದಿದ್ದ ಬಾಗಿಲನ್ನು ಹಿರಿಯರೇ ತೆರೆದಿಟ್ಟಿದ್ದರು.

ಐದನೇ ಒಂದು ಪಾಲು

19ರ ಕಮಿಟಿಯಲ್ಲಿ ಮೂರು ಅಭಿಪ್ರಾಯ ಬಂದವು. ಪೊಲೀಸ್ ದೂರು ಕೊಡೋಣ ಎಂದು ಒಬ್ಬರು. ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಲಿ ಎಂದು ಇಬ್ಬರು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಕೂಟದಿಂದ ತೆಗೆದುಹಾಕಿ ಸಾಕು" ಎಂದು ಇನ್ನೊಬ್ಬರು. ಅಷ್ಟರಲ್ಲಿ ಅಪ್ಪ ಆರೂವರೆ ಸಾವಿರ ಸಾಲ ತಂದು ಮೇಜಿನ ಮೇಲಿಟ್ಟು, "ಇಲ್ಲಿಗೆ ಮುಗೀಲಿ ಅಯ್ಯನೋರೇ" ಅಂದರು.

ಹಣವನ್ನು ಅಪ್ಪನಿಗೆ ವಾಪಸು ಕೊಟ್ಟರು. ಆ ದಿನದ ಅತ್ಯಂತ ಸರಿಯಾದ ನಿರ್ಧಾರ ಇದು. ಅಪ್ಪ ತೀರಿಸಿದರೆ ಸಾಲ ತೀರುತ್ತದೆ, ಮಗ ಮಾತ್ರ ಏನನ್ನೂ ತೀರಿಸಿದಂತಾಗುವುದಿಲ್ಲ. ಎಲ್ಲರ ಮುಂದೆ ನಿಲ್ಲಿಸುವುದನ್ನೂ ಬಿಟ್ಟರು. ಮತ್ತಾಯನ ಕ್ರಮದಲ್ಲಿ ಸಭೆಗೆ ಹೋಗುವುದು ಒಪ್ಪದವನ ವಿಷಯ, ಇವನು ಒಪ್ಪಿದ್ದ. ಯಾರಿಗೆ ಅನ್ಯಾಯವಾಗಿದೆಯೋ ಅವರ ಮುಂದೆ ನಿಲ್ಲಬೇಕು, ಅಷ್ಟೇ. ಅನ್ಯಾಯವಾದದ್ದು ನಾಲ್ಕು ಮನೆಗೆ, ತಾಯಿಗೆ, ಕಂಬಳಿ ಸಿಗದೆ ಹೋದವರಿಗೆ.

ಬೈಬಲಿನ ಯಾಜಕಕಾಂಡ 6ನೇ ಅಧ್ಯಾಯದಲ್ಲಿ, ಮೋಸದಿಂದ ತೆಗೆದುಕೊಂಡದ್ದನ್ನು ಪೂರ್ತಿಯಾಗಿ ಹಿಂದಕ್ಕೆ ಕೊಟ್ಟು ಅದರ ಮೇಲೆ ಐದನೇ ಒಂದು ಪಾಲು ಸೇರಿಸಬೇಕೆಂಬ ನಿಯಮವಿದೆ. ಅರಣ್ಯಕಾಂಡ 5ರಲ್ಲೂ ಅದೇ. ಲೂಕನ ಸುವಾರ್ತೆಯಲ್ಲಿ ಬರುವ ಸುಂಕದ ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆ ಅಂದದ್ದು ಅವನ ಹೃದಯದ ಉದಾರತೆ, ಅದನ್ನು ಹುಡುಗನ ಮೇಲೆ ಹೇರಲು ಬರುವುದಿಲ್ಲ. ಲೆಕ್ಕ ಹೀಗಾಯಿತು: ತೆಗೆದುಕೊಂಡದ್ದು 5,000, ಐದನೇ ಒಂದು ಪಾಲು 1,000, ಒಟ್ಟು 6,000 ರೂಪಾಯಿ. ಹಣವಾಗಿ ಅಲ್ಲ, ಕಂಬಳಿಯಾಗಿ, ಅಂದರೆ 24 ಕಂಬಳಿ. ಪೆಟ್ರೋಲು ಚಹಾದ 1,500 ಕಮಿಟಿಯ ಹೊಣೆ. ಅದನ್ನು ಸಭೆಯ ನಿಧಿಯಿಂದ ತೆಗೆಯದೆ ಕಮಿಟಿಯವರು ತಮ್ಮ ಕಿಸೆಯಿಂದಲೇ ಹಾಕಿದರು. ಅದು ಆರು ಕಂಬಳಿ.

ಈ ಆರು ಸಾವಿರವನ್ನು ಹುಡುಗನೇ ದುಡಿದು ತರಬೇಕಿತ್ತು. ದುಡಿಯುವುದು ಎಲ್ಲಿ? ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಬೇಗ ಸಿಗುತ್ತದೆ ಎಂದು ಒಬ್ಬರು ಹೇಳಿದರು. ಬೆಂಕಿ ಮತ್ತು ಹೊಗೆಯ ಮುಂದೆ ಹದಿನೇಳರ ಹುಡುಗನನ್ನು ನಿಲ್ಲಿಸುವುದು ಬೇಡವೆಂದರು. ತಿದ್ದುವ ಕೆಲಸ ಮೈಗೆ ಅಪಾಯವಾಗಬಾರದು. ಕೊನೆಗೆ ಸಭೆಯ ಒಬ್ಬ ಹಿರಿಯರ ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಗೊತ್ತಾಯಿತು. ಶನಿವಾರ ಹತ್ತರಿಂದ ಎರಡರವರೆಗೆ, 300 ರೂಪಾಯಿ. ಪಿಯುಸಿ ಪರೀಕ್ಷೆ ಮುಗಿಯಲೆಂದು ಮಾರ್ಚ್ ಕಳೆಯುವವರೆಗೆ ಕಾದರು. ಏಪ್ರಿಲ್ 5ಕ್ಕೆ ಶುರು, ಇಪ್ಪತ್ತು ಶನಿವಾರ, ಆಗಸ್ಟ್ 16ಕ್ಕೆ ಮುಕ್ತಾಯ.

ನಾಲ್ಕು ಮನೆಯ ಭೇಟಿಗಳು ಜನವರಿಯಲ್ಲೇ ಆದವು. ಮುಖಂಡರು ಜೊತೆಗೆ ಹೋದರು, ಮಾತು ಹುಡುಗನೇ ಆಡಬೇಕಿತ್ತು. ಒಂದು ಮನೆಯಲ್ಲಿ "ಆಯ್ತು ಬಿಡಪ್ಪ" ಎಂದು ಒಂದೇ ನಿಮಿಷದಲ್ಲಿ ಕಳಿಸಿದರು. ಇನ್ನೊಂದರಲ್ಲಿ ಅರ್ಧ ಗಂಟೆ ಬೈದರು. ಅಜ್ಜಿ ಬೈಯಲಿಲ್ಲ, "ನಿಮ್ಮವ್ವನ ಹೆಸರು ಬೀದಿಗೆ ಬಂತಲ್ಲೋ" ಅಂದರು. ಹುಡುಗ ಅತ್ತದ್ದು ಅಲ್ಲಿ ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಹಾಕಿದವರು ತಾಯಿಯ ಹತ್ತಿರ ಹೋಗಿ ಕ್ಷಮೆ ಕೇಳಬೇಕೆಂದೂ ಕಮಿಟಿ ಹೇಳಿತು. ಅವರು ಹೋಗಲಿಲ್ಲ, ಬೇರೆ ಸಭೆಗೆ ಹೋಗತೊಡಗಿದರು. ಖಾತೆಯ ವಿಷಯದಲ್ಲಿ ತಾಯಿಯದೇನೂ ತಪ್ಪಿಲ್ಲವೆಂದು ಅಯ್ಯನವರು ಅದೇ ಗುಂಪಿನಲ್ಲಿ ಒಂದು ಸಾಲು ಬರೆದರು. ಅದನ್ನು ಮೊದಲ ದಿನವೇ ಬರೆಯಬೇಕಿತ್ತು.

ದುಡಿಮೆಯಲ್ಲೂ ಎಲ್ಲ ನೆಟ್ಟಗಿರಲಿಲ್ಲ. ಆರನೆಯ ಶನಿವಾರ ಹುಡುಗ ಹನ್ನೊಂದೂವರೆಗೆ ಬಂದ. ಅಂಗಡಿಯವರು ಕನಿಕರದಿಂದ ಪೂರ್ತಿ 300 ಬರೆದರು. ಹುಡುಗನೇ ಮುಖಂಡರಿಗೆ ಹೇಳಿದ. ಮುಂದಿನ ವಾರ ಒಂದೂವರೆ ಗಂಟೆ ಹೆಚ್ಚು ಕೂತ. ಇಂಥ ಕಡೆ ಕನಿಕರ ಕೆಡುಕು ಮಾಡುತ್ತದೆ. ಲೆಕ್ಕ ಲೆಕ್ಕವಾಗಿಯೇ ಇರಬೇಕು, ಕನಿಕರವನ್ನು ಊಟ ಹಾಕಿ ತೋರಿಸಬಹುದು. ಕೊನೆಯ ಶನಿವಾರವಾದ ಮರುವಾರವೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು ಒಪ್ಪಿತು. ಕಾನೂನು ಬಂದದ್ದು ಒಳ್ಳೆಯದೇ, ಆದರೆ ಆಟ ಬಿಡಿಸುವ ಕೆಲಸ ಆ ಹೊತ್ತಿಗೆ ಅಂಗಡಿಯ ಇಪ್ಪತ್ತು ಶನಿವಾರಗಳಲ್ಲಿ ಆಗಿತ್ತು. ಮುನ್ನೂರು ರೂಪಾಯಿಗೆ ನಾಲ್ಕು ಗಂಟೆ ಎಂದು ಬೆನ್ನಿಗೆ ಗೊತ್ತಾದ ಮೇಲೆ, ಬೆರಳ ತುದಿಯಲ್ಲಿ ಐನೂರು ಒತ್ತುವುದು ಸುಲಭವಲ್ಲ. ಆಗಸ್ಟಿನ ಮಳೆಯಲ್ಲಿ 30 ಕಂಬಳಿ ಆಸ್ಪತ್ರೆಗೆ ಹೋದವು. ಹುಡುಗನೂ ಕಮಿಟಿಯ ಇಬ್ಬರೂ ಸೇರಿ ಹಂಚಿದರು, ಫೋಟೋ ತೆಗೆಯಲಿಲ್ಲ.

ಜೋಡಿ ಲೆಕ್ಕ

ಉಳಿದ ಯುವಕರಿಗಾಗಿ ನಡೆದ ಕೆಲಸ ಇದಕ್ಕಿಂತ ಮುಖ್ಯ. ಪ್ರಸಂಗ ಬಿಟ್ಟು, ಕೈಗೆ ಹಣ ಕೊಟ್ಟು ಲೆಕ್ಕ ಕೇಳಲು ಶುರು ಮಾಡಿದರು. 12 ಜನ, ಆರು ಜೋಡಿ. ಅಣ್ಣತಂಗಿ, ಆಪ್ತ ಗೆಳೆಯರು ಒಂದೇ ಜೋಡಿಯಲ್ಲಿ ಇರಬಾರದು. ಪ್ರತಿ ಭಾನುವಾರ ಒಂದು ಜೋಡಿಗೆ 500 ರೂಪಾಯಿ. ಅದರಲ್ಲಿ ಸಂಡೇ ಸ್ಕೂಲಿನ 25 ಮಕ್ಕಳಿಗೆ ಉಪಾಹಾರ ಮಾಡಿಸಿ, ಉಳಿದದ್ದನ್ನು ಲೆಕ್ಕದೊಂದಿಗೆ ಅದೇ ದಿನ ಒಪ್ಪಿಸಬೇಕು.

ಮೊದಲ ವಾರವೇ ಒಂದು ಜೋಡಿ ಬಿಲ್ ಇಲ್ಲದೆ ಬಂದಿತು. ಸಂತೆಯಲ್ಲಿ ಈರುಳ್ಳಿ, ಕೊತ್ತಂಬರಿ ಮಾರುವವರು ಬಿಲ್ ಕೊಡುವುದಿಲ್ಲ. ಅದಕ್ಕೆ ಕೈಬರಹದ ವೋಚರ್ ಮಾಡಿದರು: ವಸ್ತು, ತೂಕ, ದರ, ಮೊತ್ತ, ಕೊಂಡವರ ಸಹಿ, ಜೊತೆಗಿದ್ದವರ ಸಹಿ. ಎರಡನೆಯ ಜೋಡಿಯ ಲೆಕ್ಕದಲ್ಲಿ 35 ರೂಪಾಯಿ ಕಡಿಮೆ ಬಂತು. ಒಬ್ಬಳು ತನ್ನ ಕೈಯಿಂದ ಹಾಕಿ ಸರಿ ಮಾಡಿದಳು. ಅದನ್ನು ಹಿರಿಯರು ಒಪ್ಪಲಿಲ್ಲ. ಕಡಿಮೆ ಬಂದರೆ "ಕಡಿಮೆ 35" ಎಂದು ಬರೆಯಬೇಕು. ಕೈಯಿಂದ ಹಾಕಿ ಮುಚ್ಚುವುದೂ, ತೆಗೆದು ಮುಚ್ಚುವುದೂ ಒಂದೇ ಅಭ್ಯಾಸದ ಎರಡು ಮುಖ. ಎಂಟು ಹತ್ತು ವಾರದಲ್ಲಿ ಮಕ್ಕಳು ಕಡಿಮೆ ಬಂದದ್ದನ್ನು ಅಳುಕದೆ ಬರೆಯಲು ಕಲಿತರು.

ಮುಂದಿನ ಡಿಸೆಂಬರಿನ ಕ್ಯಾರಲ್‌ಗೆ ನಿಯಮ ಬರೆದವರು ಇದೇ ಯುವಕರು. ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದ 20-21ರಲ್ಲಿ, ಕಾಣಿಕೆಯ ವಿಷಯದಲ್ಲಿ ಯಾರೂ ತಪ್ಪು ಹೊರಿಸದಂತೆ ದೇವರ ಮುಂದಷ್ಟೇ ಅಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಲು ಜಾಗ್ರತೆ ವಹಿಸುತ್ತೇವೆ ಎನ್ನುತ್ತಾನೆ. ಅದನ್ನು ರಟ್ಟಿಗೆ ಅಂಟಿಸಿ, ಅದರ ಕೆಳಗೇ ಸಭೆಯ ಖಾತೆಯ ಕ್ಯೂಆರ್ ಅಂಟಿಸಿ ಕುತ್ತಿಗೆಗೆ ನೇತುಹಾಕಿಕೊಂಡರು. ಸ್ವಂತ ಫೋನಿಗೆ ಒಂದು ರೂಪಾಯಿಯೂ ಬರಬಾರದು. ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ, ಕಾರ್ಬನ್ ಪ್ರತಿ. ಡಬ್ಬಿಯ ಬಾಯಿಗೆ ಇಬ್ಬರು ಸಹಿ ಮಾಡಿದ ಕಾಗದದ ಪಟ್ಟಿ. ಎಷ್ಟೇ ರಾತ್ರಿಯಾಗಲಿ, ಅದೇ ರಾತ್ರಿ ಖಜಾಂಚಿಯ ಮನೆಯಲ್ಲಿ ನೋಟು ನೋಟಾಗಿ ಎಣಿಕೆ. ಸಂಬಂಧಿಕರಲ್ಲದ ಇಬ್ಬರು ಎಣಿಸಬೇಕು, ಮೂರನೆಯವರು ಬರೆಯಬೇಕು. ಖರ್ಚಿಗೆ ರಾತ್ರಿಗೆ 300 ರೂಪಾಯಿ ಬೇರೆ ಲಕೋಟೆಯಲ್ಲಿ, ಹೊರಡುವ ಮೊದಲೇ.

ಆ ಹುಡುಗನಿಗೆ ಏನು ಕೆಲಸ ಕೊಡಬೇಕೆಂದು ಚರ್ಚೆಯಾಯಿತು. ಹಣದಿಂದ ದೂರವಿಡುವುದೇ ಒಳ್ಳೆಯದು ಎಂದರು ಕೆಲವರು. ಪೂರ್ತಿ ನಂಬಿ ಡಬ್ಬಿಯನ್ನೇ ಕೊಡೋಣ ಎಂದರು ಇನ್ನು ಕೆಲವರು. ಎರಡೂ ತಪ್ಪೇ. ಅವನಿಗೆ ರಸೀದಿ ಬರೆಯುವ ಕೆಲಸ ಸಿಕ್ಕಿತು. ಅಂಕಿ ಅವನ ಕೈಯಲ್ಲಿ, ಹಣ ಇನ್ನೊಬ್ಬರ ಕೈಯಲ್ಲಿ. ಬಿಕಾಂ ಸೇರಿರುವ ಅವನು ಈಗ ಗುಡಿಗೆ ತಪ್ಪದೆ ಬರುತ್ತಾನೆ ಎಂದೇನಲ್ಲ, ತಿಂಗಳಿಗೆ ಎರಡು ಭಾನುವಾರ ಬಂದರೆ ಹೆಚ್ಚು. ಆಟದ ವಿಷಯ ಡಿಸೆಂಬರಿನಲ್ಲೇ ಗೊತ್ತಿದ್ದೂ ಸುಮ್ಮನಿದ್ದ ಇಬ್ಬರು ಗೆಳೆಯರ ಜೊತೆ ಯಾರೂ ಇನ್ನೂ ಕೂತು ಮಾತಾಡಿಲ್ಲ. ಅದು ಬಾಕಿ ಉಳಿದ ಕೆಲಸ.

ಈ ಕ್ರಮ ಎಲ್ಲಿ ಸಲ್ಲದು

ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಒಳಗೇ ಕೂತು ಇತ್ಯರ್ಥ ಮಾಡುವ ಈ ದಾರಿ ಹಣದ ತಪ್ಪು, ಸುಳ್ಳು, ಜಗಳದಂಥವಕ್ಕೆ ಮಾತ್ರ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಮತ್ತಾಯ 18ನ್ನು ಹಿಡಿದು ಕೂರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಅಯ್ಯನವರಿಗೂ ಕಮಿಟಿಗೂ ವಿನಾಯಿತಿ ಇಲ್ಲ. ಮಕ್ಕಳ ಸಹಾಯವಾಣಿ 1098 ಪ್ರತಿ ಸಂಡೇ ಸ್ಕೂಲ್ ಕೋಣೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ ಇರಬೇಕು.

ಸುಗ್ಗಿ ಹರಾಜು

ಆ ಎರಡನೆಯ ಕ್ಯಾರಲ್‌ಗೆ ಮೊದಲು, ನವೆಂಬರಿನಲ್ಲಿ ಸಭೆಯ ಸುಗ್ಗಿ ಹಬ್ಬ ಬಂತು. ಸಭೆಯವರು ಕಾಣಿಕೆಯಾಗಿ ತರುವ ತೆಂಗಿನಕಾಯಿ, ಕುಂಬಳ, ಬಾಳೆಗೊನೆ, ಮೆಕ್ಕೆಜೋಳದ ತೆನೆ, ನಾಟಿ ಕೋಳಿ, ಎಲ್ಲವನ್ನೂ ಹರಾಜು ಕೂಗುತ್ತಾರೆ. ಒಂದು ಕಾಯಿ ಸಾವಿರ ರೂಪಾಯಿವರೆಗೂ ಏರುತ್ತದೆ. ಕೂಗಿದವರು ಕಾಯಿ ತೆಗೆದುಕೊಂಡು ಹೋಗುತ್ತಾರೆ, ಹಣ "ಮುಂದಿನ ವಾರ" ಎನ್ನುತ್ತಾರೆ. ಹರಾಜಿಗೆ ಮುಂಚಿನ ಕಮಿಟಿಗೆ ಯೌವನಸ್ಥರ ಕೂಟದ ಪ್ರತಿನಿಧಿಯಾಗಿ ಬಂದ ಹುಡುಗಿ ಒಂದೇ ಪ್ರಶ್ನೆ ಕೇಳಿದಳು: "ಅಂಕಲ್, ಹೋದ ವರ್ಷದ ಹರಾಜಿನ ಬಾಕಿ ಪಟ್ಟಿ ಓದ್ತೀರಾ?"

ಯಾರೂ ತಕ್ಷಣ ಉತ್ತರ ಕೊಡಲಿಲ್ಲ. ಬಾಕಿ ಉಳಿಸಿಕೊಂಡವರಲ್ಲಿ ಮೂವರು ಆ ಮೇಜಿನ ಸುತ್ತಲೇ ಕೂತಿದ್ದರು. ಜನವರಿಯಲ್ಲಿ ಹುಡುಗನನ್ನು ಸಭೆಯ ಮುಂದೆ ನಿಲ್ಲಿಸಿ ಎಂದವರಲ್ಲಿ ಒಬ್ಬರು ಅವರಲ್ಲಿದ್ದರು. ಖಜಾಂಚಿ ಪುಸ್ತಕ ತೆಗೆದು, ಹೆಸರು ಬಿಟ್ಟು ಮೊತ್ತಗಳನ್ನಷ್ಟೇ ಓದಿದರು. ಓದಿ ಮುಗಿಯುವ ಮೊದಲೇ ಆ ಹಿರಿಯರು ಎದ್ದು, ತಮ್ಮ ಹೆಸರನ್ನು ತಾವೇ ಹೇಳಿ, ಬಾಕಿ 1,200ರ ಜೊತೆಗೆ ಐದನೇ ಒಂದು ಪಾಲು 240 ಸೇರಿಸಿ 1,440 ರೂಪಾಯಿ ಎಣಿಸಿಟ್ಟರು. ಹುಡುಗಿ ರಸೀದಿ ಬರೆದುಕೊಟ್ಟಳು.